ಡ್ಯಾಶ್ ಕ್ಯಾಮ್ ಫೈಲು ಒಂದು ನಿಮಿಷದ್ದಿರಲೋ, ಹತ್ತು ನಿಮಿಷದ್ದೋ?

ಪ್ರಶ್ನೆ: ನಾನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ವರ್ಷದ ಹಿಂದೆ ಕಾರಿಗೆ ಹಿಂದೆ-ಮುಂದೆ ಎರಡೂ ಕಡೆ ರೆಕಾರ್ಡ್ ಮಾಡುವ ಡ್ಯಾಶ್ ಕ್ಯಾಮ್ ಹಾಕಿಸಿದೆ. 64 ಜಿಬಿ ಕಾರ್ಡ್ ಇದೆ. ಫೈಲು ಚಿಕ್ಕದಿದ್ದಷ್ಟೂ ಒಳ್ಳೆಯದು ಎಂದು ಸ್ನೇಹಿತರೊಬ್ಬರು ಹೇಳಿದ್ದಕ್ಕೆ ಲೂಪ್ ರೆಕಾರ್ಡಿಂಗನ್ನು (ವಿಡಿಯೊವನ್ನು ತುಂಡು ತುಂಡು ಫೈಲಾಗಿ ಬರೆದು, ಕಾರ್ಡ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದು ಬರೆಯುವುದು) 1 ನಿಮಿಷಕ್ಕೆ ಇಟ್ಟಿದ್ದೆ. ಹೋದ ತಿಂಗಳು ಧರ್ಮಸ್ಥಳಕ್ಕೆ ಹೋಗುವಾಗ, ಸಕಲೇಶಪುರಕ್ಕೆ ಸ್ವಲ್ಪ ಮುಂಚೆ, ಒಬ್ಬ ಬೈಕಿನವನು ಎಡಗಡೆಯಿಂದ ನುಗ್ಗಿ ಬಂಪರಿಗೆ ತಗುಲಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲೇ ಮಾತಾಡಿ ಮುಗಿಸಿ ಹೊರಟೆವು. ಮಾರನೇ ದಿನ ನಾವು ಹಾಸನಕ್ಕೆ ವಾಪಸ್ ಬಂದ ಮೇಲೆ ಆತ ಫೋನ್ ಮಾಡಿ, ತಪ್ಪು ನಿಮ್ಮದೇ, ರಿಪೇರಿ ದುಡ್ಡು ಕೊಡಿ ಎಂದ. ಕ್ಯಾಮೆರಾ ನೋಡಿದರೆ ಒಂದೇ ಒಂದು ಫೈಲು ಲಾಕ್ ಆಗಿ, ಅಂದರೆ ಅಳಿಸಿಹೋಗದಂತೆ, ಉಳಿದಿದೆ. ಅದು ಶುರುವಾಗುವುದೇ ಬೈಕು ತಗುಲುವ ಹೊತ್ತಿಗೆ. ಆತ ನುಗ್ಗಿ ಬಂದದ್ದು ಅದರ ಹಿಂದಿನ ಫೈಲಿನಲ್ಲಿ ಇರಬೇಕು. ಅದು ಕಾರ್ಡಿನಲ್ಲೇ ಇಲ್ಲ. ಸಿಟ್ಟು ಬಂದು ಈಗ 10 ನಿಮಿಷಕ್ಕೆ ಇಟ್ಟಿದ್ದೇನೆ. ಆದರೆ ಕ್ಯಾಮೆರಾ ಮಾರಿದವರು, 'ಹಾಗೆ ಇಟ್ಟರೆ ಆಕ್ಸಿಡೆಂಟ್ ಆದಾಗ ಹತ್ತು ನಿಮಿಷವೂ ಹಾಳಾಗುತ್ತೆ, ಕಾರ್ಡೂ ಬೇಗ ಹೋಗುತ್ತೆ, ರೆಕಾರ್ಡ್ ಆಗುವ ಗಂಟೆಗಳೂ ಕಡಿಮೆಯಾಗುತ್ತವೆ' ಎನ್ನುತ್ತಾರೆ. ಎಷ್ಟಕ್ಕೆ ಇಡಲಿ?

ಉತ್ತರ: ಮೇಷ್ಟ್ರೇ, ಮೊದಲು ಉತ್ತರ ಹೇಳಿಬಿಡುತ್ತೇನೆ. 3 ನಿಮಿಷಕ್ಕೆ ಇಡಿ. ಆದರೆ ನಿಮ್ಮ ಫೈಲು ಹೋಗಿದ್ದಕ್ಕೆ 1 ನಿಮಿಷದ ಸೆಟ್ಟಿಂಗ್ ಅರ್ಧ ಕಾರಣ ಮಾತ್ರ. 3ಕ್ಕೆ ಇಟ್ಟು ಮಿಕ್ಕಿದ್ದನ್ನೆಲ್ಲ ಹಾಗೇ ಬಿಟ್ಟರೆ ನಾಳೆ ಮತ್ತೆ ಇದೇ ಕಥೆಯಾಗಬಹುದು. ಕಾರಿನ ವೈರಿಂಗ್, ಮ್ಯೂಸಿಕ್ ಸಿಸ್ಟಂ, ಕ್ಯಾಮೆರಾ ಅಂತ ಈ ಕೆಲಸಕ್ಕೆ ಇಳಿದು 17 ವರ್ಷವಾಯಿತು. 'ಎಲ್ಲಾ ಇದೆ, ಬೇಕಾದ ಫೈಲೇ ಇಲ್ಲ' ಎಂದು ಅಂಗಡಿಗೆ ಬರುವವರು ತಿಂಗಳಿಗೆ ಒಬ್ಬರಾದರೂ ಇರುತ್ತಾರೆ. ಎಲ್ಲರೂ ಮೊದಲು ಬೈಯುವುದು ಈ ನಿಮಿಷದ ಸೆಟ್ಟಿಂಗನ್ನೇ.

ಮಾರಿದವರು ನಿಮಗೆ ಮೂರು ಮಾತು ಹೇಳಿದ್ದಾರೆ. ಎರಡು ಸುಳ್ಳು, ಒಂದು ಅರ್ಧ ನಿಜ.

ಗಂಟೆಗಳು ಕಡಿಮೆಯಾಗುತ್ತವೆ ಎನ್ನುವುದು ಸುಳ್ಳು. ಹೂ ಮಾರುವವರ ಹತ್ತಿರ ಒಂದು ದಿಂಡು ಮಲ್ಲಿಗೆ ಇದೆ ಅನ್ನಿ. ಅದನ್ನು ಮೊಳ ಮೊಳ ಕತ್ತರಿಸಿದರೂ ಅಷ್ಟೇ ಹೂ, ಮಾರು ಮಾರು ಕತ್ತರಿಸಿದರೂ ಅಷ್ಟೇ ಹೂ. ಕಾರ್ಡಿನಲ್ಲಿ ಎಷ್ಟು ಗಂಟೆ ಹಿಡಿಯುತ್ತದೆ ಎನ್ನುವುದು ಬಿಟ್‌ರೇಟ್ ಮೇಲೆ ನಿಂತಿದೆ. ಅಂದರೆ ಕ್ಯಾಮೆರಾ ಸೆಕೆಂಡಿಗೆ ಎಷ್ಟು ಡೇಟಾ ಬರೆಯುತ್ತದೆ ಎನ್ನುವುದು. ನಿಮ್ಮಂಥ ಕ್ಯಾಮೆರಾದ ಲೆಕ್ಕ ನೋಡೋಣ. ಮುಂದಿನದು 1440ಪಿಯಲ್ಲಿ 20 ಎಂಬಿಪಿಎಸ್, ಹಿಂದಿನದು 1080ಪಿಯಲ್ಲಿ 12 ಎಂಬಿಪಿಎಸ್ ಅಂದುಕೊಳ್ಳಿ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್; 8 ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 8ರಿಂದ ಭಾಗಿಸಿದರೆ ಸೆಕೆಂಡಿಗೆ ಎರಡೂವರೆ ಮತ್ತು ಒಂದೂವರೆ ಎಂಬಿ (ಮೆಗಾಬೈಟ್). ಎರಡೂ ಸೇರಿ ಸೆಕೆಂಡಿಗೆ 4, ನಿಮಿಷಕ್ಕೆ 240 ಎಂಬಿ. 64 ಜಿಬಿ ಕಾರ್ಡು ಸುಮಾರು ನಾಲ್ಕೂಕಾಲು ಗಂಟೆಗೆ ತುಂಬುತ್ತದೆ. ಇದರಲ್ಲೂ ಹಲವು ಕ್ಯಾಮೆರಾಗಳು ಲಾಕ್ ಆದ ಫೈಲುಗಳಿಗೆ ಅಂತ ಒಂದಷ್ಟು ಜಾಗ ಎತ್ತಿಡುತ್ತವೆ. ಅದನ್ನು ಕಳೆದರೆ ಮೂರು, ಮೂರೂವರೆ ಗಂಟೆ. ಆಮೇಲೆ ಎಲ್ಲಕ್ಕಿಂತ ಹಳೆಯ ಫೈಲನ್ನು ಅಳಿಸಿ ಅದೇ ಜಾಗದಲ್ಲಿ ಹೊಸದು ಬರೆಯುತ್ತದೆ.

ಈಗ ನಿಮ್ಮ ಪ್ರಯಾಣ ಲೆಕ್ಕ ಹಾಕಿ. ಬೈಕು ತಗುಲಿದ ಮೇಲೆ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ ಸೇರುವುದಕ್ಕೆ ಎರಡು ಗಂಟೆಯಾದರೂ ಆಗಿರುತ್ತದೆ. ಮಾರನೇ ದಿನ ಹಾಸನಕ್ಕೆ ವಾಪಸ್ ಬರುವುದಕ್ಕೆ ಇನ್ನೊಂದು ಮೂರು ಗಂಟೆ. ಘಾಟಿಯಲ್ಲಿ ಲಾರಿ ಸಾಲು ಸಿಕ್ಕಿದ್ದರೆ ಇನ್ನೂ ಜಾಸ್ತಿ. ಲಾಕ್ ಆಗದ ಆ ಹಿಂದಿನ ಫೈಲು ಉಳಿಯುವುದು ಸಾಧ್ಯವೇ ಇರಲಿಲ್ಲ. ನೀವು ವಾಪಸ್ ಬರುವಾಗ ಘಾಟಿ ಹತ್ತುತ್ತಿರುವ ಹೊತ್ತಿಗೇ ಅದು ಅಳಿಸಿಹೋಗಿರುತ್ತದೆ. 1ರ ಜಾಗದಲ್ಲಿ 5 ಇಟ್ಟಿದ್ದರೂ ಲಾಕ್ ಆಗದ ಫೈಲಿನ ಗತಿ ಅಷ್ಟೇ.

ಕಾರ್ಡ್ ಬೇಗ ಹಾಳಾಗುತ್ತದೆ ಎನ್ನುವುದೂ ಸುಳ್ಳು. ಕಾರ್ಡು ಸವೆಯುವುದು ಅದರ ಮೇಲೆ ಒಟ್ಟು ಎಷ್ಟು ಬರೆದಿದ್ದೀರಿ ಎನ್ನುವುದರಿಂದ. ಗಂಟೆಗೆ 14 ಜಿಬಿ ಬರೆಯುವ ಕ್ಯಾಮೆರಾ, ಫೈಲು ಚಿಕ್ಕದಿರಲಿ ದೊಡ್ಡದಿರಲಿ, 14 ಜಿಬಿಯನ್ನೇ ಬರೆಯುತ್ತದೆ. ಕಾರ್ಡಿನ ಆಯಸ್ಸಿನ ಚಿಂತೆ ಇದ್ದರೆ ಸೆಟ್ಟಿಂಗ್ ಬಿಟ್ಟು ಕಾರ್ಡನ್ನೇ ನೋಡಿ. ಫೋನಿಗೆ ಹಾಕುವ ಸಾಮಾನ್ಯ ಕಾರ್ಡು ಈ ಕೆಲಸಕ್ಕೆ ಬಾಳುವುದಿಲ್ಲ. 'ಹೈ ಎಂಡ್ಯೂರೆನ್ಸ್' ಎಂದು ಬರೆದಿರುವುದನ್ನೇ ಕೊಳ್ಳಿ. ವೇಗಕ್ಕೆ ಯು3 ಅಥವಾ ವಿ30 ಗುರುತು ಇರಲಿ. ಜೊತೆಗೆ ಕಾರ್ಡು ಅಸಲಿಯೋ ಅಂತ ಪರೀಕ್ಷಿಸಿ. ಮೇಲೆ 128 ಎಂದು ಬರೆದು ಒಳಗೆ 16 ಇರುವ ಕಾರ್ಡುಗಳನ್ನು ನಾನು ಕೈಯಾರೆ ಎಣಿಸಿದ್ದೇನೆ. ಅಂಥ ಕಾರ್ಡು ಮೊದಲೆರಡು ದಿನ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆಮೇಲೆ ಫೈಲಿನ ಹೆಸರು ಕಾಣುತ್ತದೆ, ಒತ್ತಿದರೆ ಓಡುವುದಿಲ್ಲ. ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಕ್ಕಟೆ ಪ್ರೋಗ್ರಾಂ ಹಾಕಿ ಒಮ್ಮೆ ಪೂರ್ತಿ ತುಂಬಿಸಿ ನೋಡಿದರೆ ಬಣ್ಣ ಬಯಲಾಗುತ್ತದೆ.

ಇನ್ನು ಅರ್ಧ ನಿಜ: ಆಕ್ಸಿಡೆಂಟ್ ಆದರೆ ಇಡೀ ಫೈಲು ಹಾಳಾಗುತ್ತದೆ ಎನ್ನುವುದು. ಇದಕ್ಕೆ ಮತ್ತೆ ಹೂವಿನ ಹತ್ತಿರವೇ ಬರೋಣ. ಕಟ್ಟುತ್ತಾ ಹೋಗಿ, ಕೊನೆಗೆ ಗಂಟು ಹಾಕದೆ ಕೈ ಬಿಟ್ಟರೆ ಏನಾಗುತ್ತದೆ? ಹೂವೆಲ್ಲ ಇರುತ್ತವೆ, ಮಾಲೆ ಇರುವುದಿಲ್ಲ. ಎಂಪಿ4 ಫೈಲೂ ಹೀಗೇ. ಯಾವ ಚಿತ್ರ ಎಲ್ಲಿದೆ, ಯಾವ ಹೊತ್ತಿನದು ಎಂಬ ಪಟ್ಟಿಯನ್ನು ಸಾಮಾನ್ಯವಾಗಿ ಫೈಲು ಮುಗಿಸುವಾಗ ಬರೆಯುತ್ತದೆ. ಅಷ್ಟರೊಳಗೆ ಕರೆಂಟ್ ಹೋದರೆ ಆ ಗಂಟು ಬೀಳುವುದಿಲ್ಲ. ಫೈಲು ಕಾರ್ಡಿನಲ್ಲಿರುತ್ತದೆ, ತೆರೆಯುವುದಿಲ್ಲ. ಇದಕ್ಕೇ ಕ್ಯಾಮೆರಾದೊಳಗೆ ಒಂದು ಚಿಕ್ಕ ಬ್ಯಾಟರಿ ಅಥವಾ ಸೂಪರ್ ಕೆಪಾಸಿಟರ್ ಇರುತ್ತದೆ. ವೈರು ಕಿತ್ತುಹೋದರೂ ಕೆಲವು ಸೆಕೆಂಡು ಜೀವ ಹಿಡಿದುಕೊಂಡು ಗಂಟು ಹಾಕಿ ಕಣ್ಣು ಮುಚ್ಚುತ್ತದೆ.

ಇಲ್ಲಿ ತುಂಬಾ ಜನ ಒಂದು ವಿಷಯ ಮರೆಯುತ್ತಾರೆ. ಡಿಕ್ಕಿಯಾದ ಹೊತ್ತಿನಲ್ಲಿ ಬರೆಯುತ್ತಿರುವ ಫೈಲು ಯಾವುದು? ಡಿಕ್ಕಿ ಇರುವ ಫೈಲೇ ಅಲ್ವಾ! ಅದು ಹಾಳಾದರೆ, 1 ನಿಮಿಷದ್ದಾಗಿರಲಿ 10 ನಿಮಿಷದ್ದಾಗಿರಲಿ, ಡಿಕ್ಕಿಯ ದೃಶ್ಯ ಹೋದಂತೆಯೇ. ಚಿಕ್ಕ ಫೈಲಿನಿಂದ ಉಳಿಯುವುದು ಅದಕ್ಕಿಂತ ಮುಂಚಿನ ರಸ್ತೆ ಅಷ್ಟೇ. ಅದಕ್ಕೂ ಬೆಲೆ ಇದೆ. ಎದುರಿನವನು ಎಷ್ಟು ದೂರದಿಂದ ಅಡ್ಡಾದಿಡ್ಡಿ ಬರುತ್ತಿದ್ದ ಎಂದು ತೋರಿಸಬಹುದು. ಆದರೆ ಮುಖ್ಯ ಸೆಕೆಂಡುಗಳನ್ನು ಕಾಯುವುದು ಕೆಪಾಸಿಟರ್ರೇ ಹೊರತು ನಿಮಿಷದ ಸೆಟ್ಟಿಂಗ್ ಅಲ್ಲ.

ನಿಮ್ಮ ಕ್ಯಾಮೆರಾದಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ರೆಕಾರ್ಡಿಂಗ್ ಶುರುವಾಗಿ ಒಂದು ನಿಮಿಷ ಆದ ಮೇಲೆ ಸಾಕೆಟ್ಟಿನಿಂದ ಪ್ಲಗ್ ಕಿತ್ತುಬಿಡಿ. ಕ್ಯಾಮೆರಾ ಪೂರ್ತಿ ಆರಿದ ಮೇಲೆ ಕಾರ್ಡ್ ತೆಗೆದು ಕೊನೆಯ ಫೈಲು ಓಡಿಸಿ. ಕಿತ್ತ ಕ್ಷಣದವರೆಗೂ ಓಡಿದರೆ ಸರಿ. ಓಡದಿದ್ದರೆ ಒಳಗಿನ ಬ್ಯಾಟರಿ ಸತ್ತಿದೆ ಎಂದು ಲೆಕ್ಕ. ಬಿಸಿಲಿನಲ್ಲಿ ಗಾಜಿನ ಹಿಂದೆ ಬೇಯುವ ಜಾಗ ಅದು. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಬ್ಯಾಟರಿ ಇರುವ ಕ್ಯಾಮೆರಾ ಉಬ್ಬಿಕೊಂಡು ಕವಚವೇ ಬಿರುಕು ಬಿಟ್ಟಿರುವುದನ್ನು ನೋಡಿದ್ದೇನೆ. ಹೊಸದು ಕೊಳ್ಳುವವರಿಗೆ ನಾನು ಹೇಳುವುದು ಕೆಪಾಸಿಟರ್ ಇರುವುದನ್ನೇ. ಕೆಲವು ಕ್ಯಾಮೆರಾಗಳಲ್ಲಿ ಎಂಪಿ4 ಬದಲು ಟಿಎಸ್ ಎಂಬ ಬಗೆಯ ಫೈಲು ಇರುತ್ತದೆ. ಅದರಲ್ಲಿ ಪಟ್ಟಿಗಾಗಿ ಕೊನೆಯವರೆಗೆ ಕಾಯುವ ಗೊಡವೆ ಇಲ್ಲ. ಮಧ್ಯದಲ್ಲಿ ನಿಂತರೂ ಅಲ್ಲಿಯವರೆಗಿನದು ಓಡುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಯಾವ ಫೈಲೂ ಕೆಟ್ಟಿಲ್ಲ. ಘಟನೆ ಎರಡು ಫೈಲುಗಳ ಮಧ್ಯದ ಜೋಡಣೆಯ ಮೇಲೆ ಬಿತ್ತು. ಬೈಕು ತಗುಲಿ ಕ್ಯಾಮೆರಾ ಅಲುಗಿದಾಗ ಹೊಸ ಫೈಲು ಆಗತಾನೇ ಶುರುವಾಗಿತ್ತು. ಅಲುಗಾಟ ಗುರುತಿಸುವ ಜಿ-ಸೆನ್ಸರ್ ಅದನ್ನು ಮಾತ್ರ ಲಾಕ್ ಮಾಡಿತು. ತಪ್ಪು ಯಾರದು ಎಂದು ಹೇಳುವ ಹಿಂದಿನ ಹತ್ತು-ಹದಿನೈದು ಸೆಕೆಂಡು ಲಾಕ್ ಆಗದ ಫೈಲಿನಲ್ಲಿ ಉಳಿಯಿತು.

ಇದು ನಿಮ್ಮ ದುರದೃಷ್ಟ, ಆದರೆ ಅಪರೂಪದ ದುರದೃಷ್ಟವೇನಲ್ಲ. ನೀವು ಮೇಷ್ಟ್ರು, ಲೆಕ್ಕ ಇಷ್ಟವಾಗಬಹುದು. ಡಿಕ್ಕಿಗೆ ಮುಂಚಿನ 15 ಸೆಕೆಂಡು ಬೇಕು ಅಂದುಕೊಳ್ಳೋಣ. 60 ಸೆಕೆಂಡಿನ ಫೈಲಾದರೆ ಆ 15 ಸೆಕೆಂಡು ಎರಡು ಫೈಲಿಗೆ ಹಂಚಿಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದು. 3 ನಿಮಿಷದ ಫೈಲಾದರೆ ಹನ್ನೆರಡರಲ್ಲಿ ಒಂದು. 5ಕ್ಕೆ ಇಪ್ಪತ್ತರಲ್ಲಿ ಒಂದು, 10ಕ್ಕೆ ನಲವತ್ತರಲ್ಲಿ ಒಂದು. 1ರಿಂದ 3ಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು. 3ರಿಂದ 10ಕ್ಕೆ ಹೋದರೆ ಸಿಗುವುದು ಅಷ್ಟಕ್ಕಷ್ಟೇ.

ಕೆಲವು ಒಳ್ಳೆಯ ಕ್ಯಾಮೆರಾಗಳು ಫೈಲಿನ ಆರಂಭದಲ್ಲೇ ಡಿಕ್ಕಿಯಾದರೆ ಹಿಂದಿನ ಫೈಲನ್ನೂ ಲಾಕ್ ಮಾಡುತ್ತವೆ. ನಿಮ್ಮದು ಹಾಗೆ ಮಾಡುವುದಿಲ್ಲ ಎಂದು ಈಗ ಗೊತ್ತಾಯಿತು. ಇನ್ನು ಕೆಲವು ಅಗ್ಗದ ಕ್ಯಾಮೆರಾಗಳು ಒಂದು ಫೈಲು ಮುಚ್ಚಿ ಇನ್ನೊಂದು ತೆರೆಯುವ ಮಧ್ಯೆ ಒಂದೋ ಎರಡೋ ಸೆಕೆಂಡು ನುಂಗುತ್ತವೆ. 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು 22 ಮೀಟರ್ ಹೋಗಿರುತ್ತದೆ. 1 ನಿಮಿಷಕ್ಕೆ ಇಟ್ಟರೆ ಗಂಟೆಗೆ ಇಂಥ 60 ತೂತು, 3ಕ್ಕೆ ಇಟ್ಟರೆ 20. ನಿಮ್ಮದರಲ್ಲಿ ತೂತು ಇದೆಯೇ ಅಂತ ನೋಡುವುದು ಸುಲಭ. ಕಾರು ನಿಲ್ಲಿಸಿ, ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಕ್ಯಾಮೆರಾಕ್ಕೆ ಕಾಣುವಂತೆ ಬಾನೆಟ್ ಮೇಲೆ ಇಟ್ಟು ಹತ್ತು ನಿಮಿಷ ಬಿಡಿ. ಅಂಕಿ ಓದುವುದಕ್ಕೆ ಆಗದಿದ್ದರೆ ಫೋನನ್ನು ಕ್ಯಾಮೆರಾದ ಹತ್ತಿರವೇ ಹಿಡಿಯಿರಿ. ಆಮೇಲೆ ಒಂದು ಫೈಲಿನ ಕೊನೆಯ ಅಂಕಿ, ಮುಂದಿನ ಫೈಲಿನ ಮೊದಲ ಅಂಕಿ ಹೋಲಿಸಿ. ಸಾಲಾಗಿ ಬಂದರೆ ಚಿಂತೆ ಇಲ್ಲ. ಅಂಕಿ ಹಾರಿದರೆ ಅಷ್ಟು ನುಂಗಿದೆ ಎಂದರ್ಥ.

ಹಾಗಾದರೆ ಜೋಡಣೆಯೇ ಕಡಿಮೆ ಇರಲಿ, 10ಕ್ಕೆ ಇಟ್ಟರೇನು ಎಂದು ನೀವು ಕೇಳಬಹುದು. ಬೇಡ ಎನ್ನುವುದಕ್ಕೆ ಕಾರಣ ನಮ್ಮ ರಸ್ತೆಗಳು.

ಜಿ-ಸೆನ್ಸರಿಗೆ ಡಿಕ್ಕಿಯೂ ಗೊತ್ತಿಲ್ಲ, ಹಂಪ್ಸೂ ಗೊತ್ತಿಲ್ಲ. ಜೋರಾಗಿ ಅಲುಗಿದರೆ ಫೈಲು ಲಾಕ್, ಅಷ್ಟೇ ಅದರ ಬುದ್ಧಿ. ಊರೊಳಗೆ ಬಣ್ಣ ಹೋದ ಒಂದು ಹಂಪ್ಸು, ಮಳೆ ಮುಗಿದ ಮೇಲಿನ ಒಂದು ಗುಂಡಿ, ಯಾರೋ ಡೋರು ರಪ್ಪನೆ ಹಾಕಿದ್ದು, ಎಲ್ಲವೂ ಅದಕ್ಕೆ ಆಕ್ಸಿಡೆಂಟೇ. ಲಾಕ್ ಆದ ಫೈಲಿನ ಮೇಲೆ ಲೂಪ್ ಬರೆಯುವುದಿಲ್ಲ. 10 ನಿಮಿಷದ ಫೈಲಾದರೆ ಪ್ರತಿ ಲಾಕಿಗೆ, ಎರಡೂ ಕ್ಯಾಮೆರಾ ಸೇರಿ, 2.4 ಜಿಬಿ ಕಟ್ಟಿಹೋಗುತ್ತದೆ. ಲಾಕ್ ಫೈಲುಗಳಿಗೆ ಕಾರ್ಡಿನ ಶೇಕಡಾ 30 ಜಾಗ ಕೊಟ್ಟಿದ್ದಾರೆ ಎಂದರೆ ಸುಮಾರು 19 ಜಿಬಿ. ಎಂಟೇ ಎಂಟು ಗುಂಡಿಗೆ ಅದು ಭರ್ತಿ! 3 ನಿಮಿಷದ್ದಾದರೆ ಪ್ರತಿ ಲಾಕಿಗೆ 720 ಎಂಬಿ, 26 ಸಲ ತಡೆಯುತ್ತದೆ. ಭರ್ತಿಯಾದ ಮೇಲೆ ಏನು ಮಾಡಬೇಕು ಎಂಬುದರಲ್ಲಿ ಒಂದೊಂದು ಕ್ಯಾಮೆರಾದ್ದು ಒಂದೊಂದು ನ್ಯಾಯ. ಕೆಲವು ಹಳೆಯ ಲಾಕ್ ಫೈಲನ್ನು ಅಳಿಸುತ್ತವೆ. ಅಂದರೆ ಮೊನ್ನೆಯ ನಿಜವಾದ ಡಿಕ್ಕಿಯನ್ನು ಇವತ್ತಿನ ಹಂಪ್ಸು ನುಂಗುತ್ತದೆ. ಕೆಲವು ಹೊಸದನ್ನು ಲಾಕ್ ಮಾಡುವುದನ್ನೇ ಬಿಡುತ್ತವೆ. ಇನ್ನು ಕೆಲವು 'ಕಾರ್ಡ್ ಫುಲ್' ಎಂದು ತೋರಿಸಿ ಸುಮ್ನೆ ನಿಂತುಬಿಡುತ್ತವೆ.

ಕೊಡಗಿನ ಕಾಫಿ ತೋಟದವರೊಬ್ಬರು ಬಂದಿದ್ದರು. ಆರು ತಿಂಗಳಿನಿಂದ ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿದೆ, ಎಲ್ಲ ರೆಕಾರ್ಡ್ ಆಗುತ್ತಿದೆ ಎಂದು ನಂಬಿದ್ದರು. ಕಾರ್ಡ್ ತೆಗೆದು ನೋಡಿದರೆ ತುಂಬಾ ಅವರ ತೋಟದ ಮಣ್ಣು ರಸ್ತೆ. ಗೇಟಿನಿಂದ ಮನೆಯವರೆಗೆ, ಮನೆಯಿಂದ ಗೇಟಿನವರೆಗೆ. ಎಲ್ಲಾ ಲಾಕ್. ಆ ದೀಪ 'ನಾನು ನಿಂತಿದ್ದೇನೆ' ಎಂದು ಹೇಳುತ್ತಿದ್ದದ್ದು.

ಆದ್ದರಿಂದ ಫೈಲು 3 ನಿಮಿಷಕ್ಕೆ, ಜಿ-ಸೆನ್ಸರ್ 'ಲೋ'ಗೆ. ತಿಂಗಳಿಗೊಮ್ಮೆ ಬೇಕಾದ ಫೈಲು ತೆಗೆದಿಟ್ಟುಕೊಂಡು, ಕ್ಯಾಮೆರಾದೊಳಗಿಂದಲೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿ. ಜಿ-ಸೆನ್ಸರ್ ಪೂರ್ತಿ ಆಫ್ ಮಾಡುವವರೂ ಇದ್ದಾರೆ. ಲಾಕ್ ಬಟನ್ ಒತ್ತುವುದು ಮರೆಯುವುದಿಲ್ಲ ಎನ್ನುವ ಡ್ರೈವರಿಗೆ ಅದು ಸರಿ. ಆದರೆ ಡಿಕ್ಕಿಯ ಗಾಬರಿಯಲ್ಲಿ ಬಟನ್ ನೆನಪಾಗುವವರು ಕಡಿಮೆ.

ಬೇರೆಯವರ ಅಳತೆ ಬೇರೆ ಇರಬಹುದು. ದಿನವಿಡೀ ಊರೊಳಗೆ ಓಡಿಸುವ ಕ್ಯಾಬ್‌ನವರು 1 ನಿಮಿಷ ಇಟ್ಟುಕೊಳ್ಳುತ್ತಾರೆ. ಗಿರಾಕಿಯ ಜಗಳ, ಟ್ರಾಫಿಕ್ಕಿನ ತಕರಾರು ಎಂದು ಆಗಾಗ ಕ್ಲಿಪ್ಪನ್ನು ಫೋನಿಗೆ ಇಳಿಸಿ ಕಳಿಸಬೇಕಾಗುತ್ತದೆ, ಚಿಕ್ಕ ಫೈಲು ವೈಫೈಯಲ್ಲಿ ಬೇಗ ಬರುತ್ತದೆ. ಅವರಿಗೆ ಅದು ಸರಿಯೇ, ಘಟನೆಯ ಹಿಂದಿನ ಫೈಲನ್ನೂ ಇಳಿಸಿಕೊಳ್ಳುವ ಅಭ್ಯಾಸ ಇದ್ದರೆ. ಹೆದ್ದಾರಿಯಲ್ಲೇ ಜಾಸ್ತಿ ಓಡಾಡುವವರಿಗೆ 5 ನಿಮಿಷ ಸರಿ, 128 ಜಿಬಿ ಕಾರ್ಡಿನೊಂದಿಗೆ. 10 ನಿಮಿಷ ಬೇಕಾಗುವುದು ಘಾಟಿಯ ವಿಡಿಯೊ ತೆಗೆದು ಯೂಟ್ಯೂಬಿಗೆ ಹಾಕುವವರಿಗೆ, ಅಂಟಿಸುವ ಕೆಲಸ ಕಡಿಮೆ ಅಂತ. ಅವರಿಗೂ ಒಂದು ತೊಡಕಿದೆ. ಎಫ್ಎಟಿ32 ಬಗೆಯಲ್ಲಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. 4ಕೆಯಲ್ಲಿ 60 ಎಂಬಿಪಿಎಸ್ ಬರೆಯುವ ಕ್ಯಾಮೆರಾ ಹತ್ತು ನಿಮಿಷ ತುಂಬುವ ಮೊದಲೇ ಅಲ್ಲಿಗೆ ಮುಟ್ಟಿ ಫೈಲು ತುಂಡು ಮಾಡಬೇಕಾಗುತ್ತದೆ.

ಇಷ್ಟೆಲ್ಲಾ ಸೆಟ್ಟಿಂಗ್ ಮಾಡಿದ ಮೇಲೂ ಫೈಲು ಉಳಿಯುವುದು ಘಟನೆಯಾದ ಮೊದಲ ಐದು ನಿಮಿಷದಲ್ಲಿ ನೀವು ಏನು ಮಾಡುತ್ತೀರಿ ಎನ್ನುವುದರ ಮೇಲೆ. ಸಣ್ಣದಾಗಿ ತಗುಲಿದರೂ ಸರಿ, ಗಾಡಿ ಪಕ್ಕಕ್ಕೆ ಹಾಕಿ ಲಾಕ್ ಬಟನ್ ಒತ್ತಿ. ಮಾತುಕತೆ ಮುಗಿದ ಮೇಲೆ ಅಲ್ಲೇ ಫೋನಿನಲ್ಲಿ ಕ್ಲಿಪ್ ತೆರೆದು ನೋಡಿ. ಅದರ ಹಿಂದಿನದೂ ಇದೆಯೇ ಎಂದು ನೋಡಿ, ಎರಡನ್ನೂ ಇಳಿಸಿಕೊಳ್ಳಿ. ಫೋನಿಗೆ ಇಳಿಸುವುದು ಗೊತ್ತಿಲ್ಲದಿದ್ದರೆ ಕ್ಯಾಮೆರಾ ಆಫ್ ಮಾಡಿ ಕಾರ್ಡನ್ನೇ ತೆಗೆದು ಜೇಬಿಗೆ ಹಾಕಿಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು ಖಾಲಿ ಕಾರ್ಡು ಇಟ್ಟಿರಿ ಎಂದು ನನ್ನ ಗಿರಾಕಿಗಳಿಗೆ ಹೇಳುವುದು ಇದಕ್ಕೇ. ಹತ್ತು ಜನರಲ್ಲಿ ಇಬ್ಬರು ಇಡುತ್ತಾರೆ. 'ಅಲ್ಲೇ ಮಾತಾಡಿ ಮುಗಿಸಿದೆವು' ಎಂದು ನೀವು ಬರೆದಿದ್ದೀರಲ್ಲ, ಎಲ್ಲರೂ ಹಾಗೆಯೇ ಹೊರಡುತ್ತಾರೆ. ಫೋನ್ ಬರುವುದು ಎರಡು ದಿನ ಬಿಟ್ಟು.

ಕ್ಲಿಪ್ಪನ್ನು ಯಾರಿಗಾದರೂ ಕಳಿಸುವಾಗ ವಾಟ್ಸಾಪಿನಲ್ಲಿ ವಿಡಿಯೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ವಿಡಿಯೊ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ನಂಬರ್ ಪ್ಲೇಟ್ ಮಸುಕಾಗುತ್ತದೆ. ವಿಷಯ ಪೊಲೀಸ್ ಸ್ಟೇಷನ್, ಕೋರ್ಟಿನವರೆಗೆ ಹೋಗುವ ಲಕ್ಷಣ ಇದ್ದರೆ ಫೈಲನ್ನು ಕತ್ತರಿಸುವುದು, ಮೇಲೆ ಬಾಣದ ಗುರುತು ಹಾಕುವುದು ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಫೈಲಿನ ಪ್ರತಿ ಕೊಡುವಾಗ ಒಂದು ಸರ್ಟಿಫಿಕೇಟ್ ಬೇಕು. ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಖ್ಯೆ, ಬರೆಯಬೇಕು. ಫೈಲಿನಲ್ಲಿ ಒಂದು ಚೂರು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಅದರ ಕೆಲಸ ವಕೀಲರು ನೋಡಿಕೊಳ್ಳುತ್ತಾರೆ, ಮೂಲ ಕಾರ್ಡನ್ನು ಮುಟ್ಟದೆ ಇಡುವುದು ನಿಮ್ಮ ಕೆಲಸ. ಕ್ಯಾಮೆರಾದ ಗಡಿಯಾರವನ್ನೂ ಒಮ್ಮೆ ನೋಡಿಕೊಳ್ಳಿ. ಒಳಗಿನ ಬ್ಯಾಟರಿ ಸತ್ತರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಮೇಲೆ ಎದುರು ಪಕ್ಷದವರು ಮೊದಲು ಹಿಡಿಯುವುದು ಅದನ್ನೇ.

ಹೋದ ಫೈಲನ್ನು ವಾಪಸ್ ತರಬಹುದೇ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಬರೀ ಅಳಿಸಿಹೋಗಿದ್ದರೆ ತರಬಹುದಿತ್ತು. ಅದರ ಮೇಲೆ ಹೊಸದು ಬರೆದಾಗಿದ್ದರೆ ಯಾವ ಸಾಫ್ಟ್‌ವೇರಿನಿಂದಲೂ ಆಗದು. ನಿಮ್ಮ ಕ್ಯಾಮೆರಾ ಆಮೇಲೂ ಒಂದು ತಿಂಗಳು ಓಡಿದೆ. ಆ ಆಸೆ ಬಿಡಿ, 'ಗ್ಯಾರಂಟಿ ತೆಗೆದುಕೊಡುತ್ತೇವೆ' ಎನ್ನುವವರಿಗೆ ಮುಂಗಡ ಕೊಡಬೇಡಿ.

ಆದರೆ ಉಳಿದಿರುವ ಆ ಒಂದು ನಿಮಿಷದ ಫೈಲು ಕೆಲಸಕ್ಕೆ ಬಾರದ್ದಲ್ಲ. ಬೈಕು ತಗುಲಿದಾಗ ನಿಮ್ಮ ಕಾರು ಯಾವ ಕಡೆ ಇತ್ತು, ಬೈಕು ಯಾವ ದಿಕ್ಕಿಗೆ ತಿರುಗಿತ್ತು, ಆಮೇಲೆ ಆತ ಏನೆಂದ, ಇದೆಲ್ಲ ಅದರಲ್ಲಿ ಇರಬಹುದು. ಮೈಕ್ ಆನ್ ಇತ್ತೇ ನೋಡಿ. ಹಿಂದಿನ ಕ್ಯಾಮೆರಾದ ಅದೇ ಹೊತ್ತಿನ ಫೈಲನ್ನೂ ನೋಡಿ. ಎಡಗಡೆಯಿಂದ ಬಂದವನು ಮೊದಲು ನಿಮ್ಮ ಹಿಂದೆ ಇದ್ದಿರಬೇಕು ಅಲ್ವಾ? ಹಿಂದಿನದು ಮುಂದಿನದಕ್ಕಿಂತ ಸ್ವಲ್ಪ ತಡವಾಗಿ ಫೈಲು ಬದಲಿಸುವ ಕ್ಯಾಮೆರಾಗಳೂ ಇವೆ, ಅದೃಷ್ಟವಿದ್ದರೆ ಒಂದೆರಡು ಸೆಕೆಂಡು ಸಿಕ್ಕೀತು. ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡಿ ಎಂದು ಮೇಲೆ ಹೇಳಿದೆನಲ್ಲ, ಈ ಕಾರ್ಡನ್ನು ಮಾತ್ರ ಮಾಡಬೇಡಿ. ಇವತ್ತೇ ಹೊರಗೆ ತೆಗೆಯಿರಿ. ಎರಡೂ ಫೈಲನ್ನು ಕಂಪ್ಯೂಟರಿಗೆ ಇಳಿಸಿ, ಕಾರ್ಡನ್ನು ಒಂದು ಕವರಿನಲ್ಲಿ ಹಾಕಿ, ಮೇಲೆ ತಾರೀಖು ಬರೆದು ಬೀರುವಿನಲ್ಲಿಡಿ. ಕ್ಯಾಮೆರಾಕ್ಕೆ ಹೊಸ ಕಾರ್ಡು ಹಾಕಿ.